ಇಪ್ಪತ್ತೈದಕ್ಕೆ ಎರಡು ಕಮ್ಮಿ

ನಮ್ಮ ಯಜಮಾನರು ಓಂಕಾರಮೂರ್ತಿಯವರು ಕಡೂರಿನ ಬಿ.ಎಚ್. ರಸ್ತೆಯಲ್ಲಿ ಕಾರು ರಿಪೇರಿ ಗ್ಯಾರೇಜು ತೆರೆದಾಗ ನಮ್ಮ ಮಾವನವರು ಆರು ತಿಂಗಳು ಮಾತು ಬಿಟ್ಟಿದ್ದರು. ಮೂರು ತಲೆಮಾರು ಕೊಬ್ಬರಿ ಮಂಡಿ ನಡೆಸಿದ ಮನೆತನ. ಅಂಥ ಮನೆಯಲ್ಲಿ ಬಿಳಿ ಪಂಚೆ ಬಿಟ್ಟು ಕಾರಿನ ಅಡಿಗೆ ಹೋಗಿ ಮಲಗುವ ಮಗ ಹುಟ್ಟಿದ್ದು ಯಾವ ಜನ್ಮದ ಪಾಪವೋ ಎಂದು ಅವರ ಕೊರಗು. ಆಮೇಲೊಮ್ಮೆ ಅವರದೇ ಕಾರು ಬೀರೂರು ದಾಟಿ ಕೆಟ್ಟು ನಿಂತು, ಇವರೇ ಹೋಗಿ ಎಳೆದು ತಂದ ಮೇಲೆ ಪಾಪದ ತೂಕ ಸ್ವಲ್ಪ ಇಳಿಯಿತು.

ನಾನು ಪಂಕಜಾಕ್ಷಿ, ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಮಕ್ಕಳನ್ನು ಓಡಿಸುವುದು, ಸೀಟಿ ಊದುವುದು, ಸ್ಟಾಪ್‌ವಾಚ್ ಒತ್ತುವುದು ನನ್ನ ಕಸುಬು. ಇದೇ ಕಸುಬು ನನ್ನನ್ನು ಒಂದು ಕಾರ್ ರೇಸ್ ತಂಡಕ್ಕೆ ಟೈಮ್‌ಕೀಪರ್ ಮಾಡುತ್ತದೆ ಎಂದು ಯಾರಾದರೂ ಆಗ ಹೇಳಿದ್ದರೆ, ಅವರಿಂದಲೂ ಬಿಸಿಲಿನಲ್ಲಿ ಮೈದಾನದ ಎರಡು ಸುತ್ತು ಹೊಡೆಸುತ್ತಿದ್ದೆ.

ಎರಡು ಸಾವಿರದ ಹದಿನಾರರಲ್ಲಿ ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರು ತಮ್ಮ ಹೊಸ ಚಕೋರ ಕಾರನ್ನು ಹುಣಸೆ ಮರಕ್ಕೆ ಗುದ್ದಿದರು. ಅವರಿಗೂ ಏನೂ ಆಗಲಿಲ್ಲ, ಮರಕ್ಕೂ ಏನೂ ಆಗಲಿಲ್ಲ. ಚಕೋರ ಎಂದರೆ ಮೃಗಾಂಕ್ ಮೋಟಾರ್ಸ್ ಎಂಬ ದೊಡ್ಡ ಕಂಪನಿಯ ಕಾರು. ಚಕೋರ ಹಕ್ಕಿ ಬೆಳದಿಂಗಳು ಕುಡಿದು ಬದುಕುತ್ತದಂತೆ. ಈ ಕಾರು ಪೆಟ್ರೋಲು ಕುಡಿಯುತ್ತಿತ್ತು, ಅದೂ ಧಾರಾಳವಾಗಿ. ವಿಮೆಯವರು ಇದಿನ್ನು ಗುಜರಿಗೇ ಸರಿ ಎಂದರು. ಗುಜರಿಗೆ ಹೋಗುವ ದಾರಿಯಲ್ಲಿ ಅದು ನಮ್ಮ ಗ್ಯಾರೇಜಿನಲ್ಲಿ ಇಳಿಯಿತು, ಮತ್ತೆ ಹೊರಡಲಿಲ್ಲ. ಇವರು ಅದರ ಸುತ್ತ ಎರಡು ದಿನ ಓಡಾಡಿ, ಮೂರನೆಯ ದಿನ ಊಟಕ್ಕೆ ಕೂತಾಗ, ಇದನ್ನು ರೇಸಿಗೆ ಕಟ್ಟುತ್ತೇನೆ ಎಂದರು. ನಾನು ಮಜ್ಜಿಗೆ ಬಡಿಸಿದೆ. ಗಂಡಸರು ನಲವತ್ತೈದು ದಾಟಿದ ಮೇಲೆ ಏನೇನೋ ಹೇಳುತ್ತಾರೆ.

ರೇಸ್ ಕಾರೆಂದರೆ ನಾನು ಅಂದುಕೊಂಡಿದ್ದು ನೆಲಕ್ಕೆ ಅಂಟಿಕೊಂಡ, ಮೇಲೆ ಚಾವಣಿ ಇಲ್ಲದ ವಾಹನ. ಇವರು ಹೇಳಿದ್ದು ಬೇರೆ. ಟೂರಿಂಗ್ ಕಾರ್ ರೇಸ್ ಎಂದು ಒಂದಿದೆಯಂತೆ. ನಾವು ನೀವು ಮದುವೆಗೆ ಹೋಗುವ ಕಾರನ್ನೇ ತಂದು, ಸೀಟೆಲ್ಲ ಕಿತ್ತು, ಒಳಗೆ ಕಬ್ಬಿಣದ ಪಂಜರ ಕೂರಿಸಿ ಓಡಿಸುವುದಂತೆ. ಆ ಪಂಜರವನ್ನು ಲೇತ್ ಅಂಗಡಿಯ ಸಣ್ಣಬೀರಪ್ಪ ಕಟ್ಟಿಕೊಟ್ಟ. ಅದುವರೆಗೆ ಅವನು ಬೋರ್‌ವೆಲ್ ಪೈಪು, ಟ್ರ್ಯಾಕ್ಟರ್ ಟ್ರೇಲರು ಬಿಟ್ಟು ಬೇರೇನೂ ಬೆಸುಗೆ ಹಾಕಿರಲಿಲ್ಲ. ಆದರೆ ಅವನ ಟ್ರೇಲರು ಯಾವುದೂ ಮುರಿದದ್ದನ್ನು ಕಡೂರು ಕಂಡಿಲ್ಲ.

ಓಡಿಸುವವರು ಯಾರು ಎಂಬುದು ಬಾಕಿ ಇತ್ತು. ಲಿಂಗದಹಳ್ಳಿಯ ಈರಭದ್ರಪ್ಪನವರ ಜೀಪು ನಮ್ಮಲ್ಲಿಗೆ ಗೇರ್‌ಬಾಕ್ಸ್ ಕೆಲಸಕ್ಕೆ ಬಂದಿತ್ತು. ಗುಡ್ಡದ ಮೇಲಕ್ಕೆ ಪ್ರವಾಸಿಗಳನ್ನು ಹೊತ್ತು ಇಳಿಸುವ ಬಾಡಿಗೆ ಜೀಪು. ಆ ದಾರಿಯ ಜೀಪುಗಳೆಲ್ಲ ಆರು ತಿಂಗಳಿಗೊಮ್ಮೆ ಬ್ರೇಕು ಸವೆಸಿಕೊಂಡು ಬರುತ್ತವೆ. ಇದರ ಬ್ರೇಕು ಒಂದೂವರೆ ವರ್ಷವಾದರೂ ಅರ್ಧ ಸವೆದಿರಲಿಲ್ಲ. ಇವರು ಚಕ್ರ ಬಿಚ್ಚಿಟ್ಟುಕೊಂಡು, ಇದನ್ನು ಯಾರು ಓಡಿಸುವುದು ಎಂದು ಕೇಳಿದರು. ಬಾಗಿಲಲ್ಲಿ ಕಡಲೆಕಾಯಿ ತಿನ್ನುತ್ತ ನಿಂತಿದ್ದ ಹುಡುಗಿ, ನಾನೇ ಎಂದಳು. ಈರಭದ್ರಪ್ಪನವರ ಮಗಳು ಅಶ್ವಿನಿ, ಇಪ್ಪತ್ತೆರಡು ವರ್ಷ. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಜೀಪು ಅವಳ ಕೈಗೆ ಬಂದಿತ್ತು.

"ಬ್ರೇಕ್ ಹಾಕದೇ ಇಳೀತೀಯೇನವ್ವ ಗುಡ್ಡ?" ಎಂದರು ಇವರು.

"ಹಾಕ್ತೀನಣ್ಣ. ಒಂದ್ಸಲ ಹಾಕ್ತೀನಿ, ಸರಿಯಾಗ್ ಹಾಕ್ತೀನಿ" ಎಂದಳು ಅವಳು.

ಅಲ್ಲಿಗೆ ಸಂದರ್ಶನ ಮುಗಿಯಿತು.

ಅಭ್ಯಾಸ ನಡೆದದ್ದು ದೇವನೂರಿನ ಹತ್ತಿರ, ನೀರಿಲ್ಲದ ಒಂದು ಕೆರೆಯ ಅಂಗಳದಲ್ಲಿ. ತಿರುವು ಇರಬೇಕಾದ ಕಡೆಯೆಲ್ಲ ತೆಂಗಿನ ಸಿಪ್ಪೆಯ ಗುಡ್ಡೆ ಹಾಕಿದ್ದೆವು. ಭಾನುವಾರದ ಬೆಳಗ್ಗೆ ನಾನು ಏರಿಯ ಮೇಲೆ ಕೊಡೆ ಹಿಡಿದು ಕೂತು ಒಂದೊಂದು ಸುತ್ತಿನ ಸಮಯವನ್ನೂ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೆ. ಊರವರು ಎಮ್ಮೆ ಬಿಟ್ಟುಕೊಂಡು ನೋಡಲು ಬರುತ್ತಿದ್ದರು. ಸುತ್ತು ಸುತ್ತು ಸುತ್ತಿ ಹೊರಟ ಜಾಗಕ್ಕೇ ಬರುವ ಕಾರಿಗೆ ಇಷ್ಟು ಅವಸರ ಯಾತಕ್ಕೆ ಎಂದು ಒಬ್ಬ ಅಜ್ಜ ಕೇಳಿದರು. ನಾನು ಮುಂದಿನ ಸುತ್ತಿನ ಸಮಯ ಬರೆದುಕೊಂಡೆ.

ಮೊದಲ ರೇಸಿಗೆ ಕೊಯಮತ್ತೂರಿಗೆ ಹೋದಾಗ ಉಳಿದ ತಂಡಗಳು ಎ.ಸಿ. ಹಾಕಿದ ಉದ್ದನೆಯ ಗಾಡಿಗಳಲ್ಲಿ ಬಂದಿಳಿದವು. ನಮ್ಮದು ತಿಪಟೂರಿಗೆ ಕೊಬ್ಬರಿ ಸಾಗಿಸುವ ಲಾರಿಯಲ್ಲಿ ಬಂದಿತು. ತಂಡದ ಹೆಸರೇನು ಎಂದು ನೋಂದಣಿಯವರು ಕೇಳಿದಾಗ ಇವರು ಆ ಕಡೆ ಈ ಕಡೆ ನೋಡಿ ಕಡೂರು ರೇಸಿಂಗ್ ಎಂದರು. ಹದಿನಾಲ್ಕು ಕಾರುಗಳಲ್ಲಿ ನಾವು ಹನ್ನೆರಡನೆಯವರಾಗಿ ಬಂದೆವು. ಹದಿಮೂರು, ಹದಿನಾಲ್ಕನೆಯವು ಕೆಟ್ಟು ನಿಂತಿದ್ದವು.

ಮರುವರ್ಷ ಎರಡು ರೇಸು ಗೆದ್ದೆವು.

ಹೇಗೆಂದು ಕೇಳಿದರೆ ದೊಡ್ಡ ಗುಟ್ಟೇನಿಲ್ಲ. ಒಂದರಲ್ಲಿ ಮಳೆ ಬಂತು. ಲಿಂಗದಹಳ್ಳಿಯಿಂದ ಮೇಲೆ ಮಳೆಯಲ್ಲಿ ಜೀಪು ಓಡಿಸಿದವಳಿಗೆ ಆ ಟ್ರ್ಯಾಕು ಅಂಗೈಯಂತೆ ಕಂಡಿರಬೇಕು. ಇನ್ನೊಂದರಲ್ಲಿ ಮಳೆಯೂ ಇರಲಿಲ್ಲ, ಸುಮ್ಮನೆ ಗೆದ್ದಳು. ಮಾರನೆಯ ದಿನ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಅರ್ಧ ಪುಟದ ಜಾಹೀರಾತು ಬಂತು: ಗೆಲುವಿನ ಹೆಸರು ಮೃಗಾಂಕ್ ಚಕೋರ. ಅದರಲ್ಲಿ ಕಾರಿನ ಚಿತ್ರವಿತ್ತು, ಆದರೆ ಬಾಗಿಲ ಮೇಲಿದ್ದ ಕಡೂರು ಎಂಬ ಅಕ್ಷರಗಳನ್ನು ಅಳಿಸಿದ್ದರು. ಜಾಗ ಸಾಲಲಿಲ್ಲವೋ ಏನೋ.

ಹದಿನೈದು ದಿನದಲ್ಲಿ ಕಂಪನಿಯ ಅಭಿಲಾಷ್ ಎಂಬುವರು ಗ್ಯಾರೇಜಿಗೆ ಬಂದರು. ಮೂವತ್ತು ವರ್ಷ, ಚಿಕ್ಕಮಗಳೂರಿನವರೇ, ಆದರೆ ಕನ್ನಡವನ್ನು ಬಾಡಿಗೆಗೆ ತಂದವರ ಹಾಗೆ ಜೋಪಾನವಾಗಿ ಬಳಸುತ್ತಿದ್ದರು. ಕಂಪನಿಯು ತಳಮಟ್ಟದ ಪ್ರತಿಭೆಯನ್ನು ನಂಬುತ್ತದೆ ಎಂದರು. ಹಾಗೆನ್ನುವಾಗ ನೆಲದಲ್ಲಿದ್ದ ಆಯಿಲ್ ತುಳಿಯದಂತೆ ಎಚ್ಚರ ವಹಿಸಿದರು. ಕಂಪನಿ ಹೊಸ ಕಾರು, ಹೊಸ ಎಂಜಿನ್ನು, ಟೈರು, ಎಲ್ಲ ಕೊಡುತ್ತದೆ. ಅಶ್ವಿನಿಯೇ ಚಾಲಕಿ. ಇವರು ತಾಂತ್ರಿಕ ಸಲಹೆಗಾರರು. ತಂಡಕ್ಕೆ ಮಾತ್ರ ಕಂಪನಿಯ ಹೆಸರು. ಇವರು ಒಂದು ರಾತ್ರಿಯೂ ಯೋಚಿಸಲಿಲ್ಲ, ಅಲ್ಲೇ ಒಪ್ಪಿದರು. ತಪ್ಪೆಂದು ನಾನು ಹೇಳಲಾರೆ. ಗುಜರಿ ಕಾರಿಗೆ ಬಿಡಿಭಾಗ ಹುಡುಕುತ್ತ ಶಿವಮೊಗ್ಗದಿಂದ ಹುಬ್ಬಳ್ಳಿವರೆಗೆ ಅಲೆದವರಿಗೆ ಅಂಥ ಎಂಜಿನ್ನನ್ನು ಪೆಟ್ಟಿಗೆ ಸಮೇತ ತೋರಿಸಿದರೆ ಯಾರಿಗೆ ತಾನೆ ಬಾಯಲ್ಲಿ ನೀರೂರುವುದಿಲ್ಲ?

ಕಂಪನಿ ಬಂದ ಮೇಲೆ ಎಲ್ಲವೂ ಉತ್ತಮವಾಯಿತು, ನಾವೊಬ್ಬರು ಬಿಟ್ಟು. ತಂಡ ನಡೆಸಲು ಟೀಮ್ ಪ್ರಿನ್ಸಿಪಾಲ್ ಎಂಬ ಒಬ್ಬರು ಬಂದರು. ನಾನು ಶಾಲೆಯವಳಾದ್ದರಿಂದ ಯಾವ ಕಾಲೇಜಿನವರು ಸಾರ್ ಎಂದು ಕೇಳಿಬಿಟ್ಟೆ, ಆಮೇಲೆ ಅವರು ನನ್ನ ಜೊತೆ ಮಾತು ಕಮ್ಮಿ ಮಾಡಿದರು. ಲ್ಯಾಪ್‌ಟಾಪಿನವರು ನಾಲ್ಕು ಜನ ಬಂದರು. ಸಣ್ಣಬೀರಪ್ಪನ ಪಂಜರವನ್ನು ಅಳೆದು ನೋಡಿ, ತೂಕ ಜಾಸ್ತಿ ಎಂದು ಬೇರೆಯದನ್ನು ಇಟಲಿಯಿಂದ ತರಿಸಿದರು. ಪ್ರತಿ ರೇಸಿಗೂ ಮುಂಚೆ ಇವರು ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ಎಳೆಯುತ್ತಿದ್ದ ವಿಭೂತಿ ಪಟ್ಟೆ ಕಂಪನಿಯ ಬಣ್ಣದ ನಿಯಮಕ್ಕೆ ವಿರುದ್ಧವೆಂದು ಪತ್ರ ಬಂತು. ಇವರು ಬಾನೆಟ್ಟು ಎತ್ತಿ ಒಳಗಡೆ ಎಳೆಯತೊಡಗಿದರು. ಮೊದಲ ವರ್ಷ ಇವರ ಕಿವಿಗೆ ರೇಡಿಯೋ ಹೆಡ್‌ಸೆಟ್ ಇತ್ತು, ಅಶ್ವಿನಿಯ ಜೊತೆ ಮಾತಾಡುತ್ತಿದ್ದರು. ಎರಡನೆಯ ವರ್ಷ ಕೇಳಿಸಿಕೊಳ್ಳುವುದು ಮಾತ್ರ. ಮೂರನೆಯ ವರ್ಷ ಹೆಡ್‌ಸೆಟ್ ಇನ್ಯಾರಿಗೋ ಬೇಕಾಯಿತು. ಕೊನೆಗೆ ಕುತ್ತಿಗೆಗೆ ಅತಿಥಿ ಎಂದು ಬರೆದ ಕಾರ್ಡು ಹಾಕಿಕೊಂಡು ಹಗ್ಗದ ಆಚೆ ನಿಲ್ಲುತ್ತಿದ್ದರು. ಬೇಜಾರಿಲ್ಲವೇ ಎಂದು ನಾನು ಒಮ್ಮೆ ಕೇಳಿದೆ. ಎಂಜಿನ್ ಶಬ್ದ ಹಗ್ಗದ ಆಚೆಗೂ ಕೇಳುತ್ತದೆ ಎಂದರು. ಆದರೆ ಅದನ್ನು ಮುಖ ತಿರುಗಿಸಿಕೊಂಡು ಹೇಳಿದರು.

ತಂಡದಲ್ಲಿ ನನ್ನನ್ನು ಉಳಿಸಿದ್ದು ಒಂದು ಕಪ್ಪು ಹಲಗೆ. ಕಾರು ನಮ್ಮ ಮುಂದೆ ಹಾದುಹೋಗುವಾಗ, ಹಿಂದಿನವನು ಎಷ್ಟು ಸೆಕೆಂಡು ದೂರವಿದ್ದಾನೆಂದು ಹಲಗೆಯ ಮೇಲೆ ಅಂಕಿ ಸಿಕ್ಕಿಸಿ ಎತ್ತಿ ತೋರಿಸುವ ಕೆಲಸ. ರೇಡಿಯೋ ಕೆಟ್ಟರೆ ಇರಲಿ ಎಂದು ಎಲ್ಲ ತಂಡಗಳೂ ಒಬ್ಬರನ್ನು ಹೀಗೆ ನಿಲ್ಲಿಸುತ್ತವೆ. ಬಿಸಿಲಿನಲ್ಲಿ ಗೋಡೆಗೆ ಆತು ನಿಲ್ಲುವ ಆ ಕೆಲಸಕ್ಕೆ ಲ್ಯಾಪ್‌ಟಾಪಿನವರು ಯಾರೂ ಮುಂದೆ ಬರಲಿಲ್ಲ.

ಗೆಲುವಂತೂ ಬಂತು. ಅದನ್ನು ಇಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಅಶ್ವಿನಿ ಎರಡು ವರ್ಷ ಒಂದರ ಹಿಂದೊಂದು ಚಾಂಪಿಯನ್ ಆದಳು. ಕೋವಿಡ್ ವರ್ಷ ರೇಸೇ ಇರಲಿಲ್ಲ. ಅದು ಮುಗಿದ ಮೇಲೆ ಕಂಪನಿ ಎರಡನೆಯ ಕಾರೊಂದನ್ನು ಇಳಿಸಿ, ಅದರಲ್ಲಿ ಶಶಿ ಎಂಬ ಹುಡುಗನನ್ನು ಕೂರಿಸಿತು. ದೇಶದಲ್ಲೇ ಅತಿ ಹೆಚ್ಚು ಚಕೋರ ಮಾರುವ ಡೀಲರಿನ ಮಗ ಎಂಬುದು ಕಾಕತಾಳೀಯ ಎಂದು ಅಭಿಲಾಷ್ ನನಗೆ ಎರಡು ಸಲ ಹೇಳಿದರು. ಹುಡುಗ ಕೆಟ್ಟವನಲ್ಲ. ನನ್ನನ್ನು ಆಂಟಿ ಎನ್ನುತ್ತಿದ್ದ, ಇವರಿಗೆ ಕುರ್ಚಿ ತಂದುಕೊಡುತ್ತಿದ್ದ. ಓಡಿಸುವುದೂ ಚೆನ್ನಾಗಿಯೇ ಓಡಿಸುತ್ತಿದ್ದ.

ಎರಡು ಸಾವಿರದ ಇಪ್ಪತ್ತೆರಡರ ಕೊನೆಯ ರೇಸು ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ. ಅಶ್ವಿನಿ, ಶಶಿ ಇಬ್ಬರಲ್ಲಿ ಮುಂದೆ ಬಂದವರೇ ವರ್ಷದ ಚಾಂಪಿಯನ್. ಹಿಂದಿನ ವಾರವೇ ಕಂಪನಿ ಜಾಹೀರಾತು ಚಿತ್ರ ತೆಗೆದು ಮುಗಿಸಿತ್ತು ಎಂದು ನಮಗೆ ಆಮೇಲೆ ಗೊತ್ತಾಯಿತು. ಅದರಲ್ಲಿ ಶಶಿ ಗೆದ್ದ ಕಪ್ಪನ್ನು ಎತ್ತಿ ಹಿಡಿದು ನಗುತ್ತಾನೆ. ರೇಸು ಇನ್ನೂ ನಡೆಯದಿದ್ದರೇನು, ನಗು ಸಿದ್ಧವಾಗಿತ್ತು.

ಕೊನೆಗೆ ಐದು ಸುತ್ತು ಉಳಿದಾಗ ಅಶ್ವಿನಿ ಮುಂದಿದ್ದಳು, ಶಶಿ ಹಿಂದೆ. ಪ್ರಿನ್ಸಿಪಾಲರು ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಪಕ್ಕದಲ್ಲೇ: ಅಶ್ವಿನಿ, ಶಶಿ ನಿನಗಿಂತ ವೇಗವಾಗಿ ಬರುತ್ತಿದ್ದಾನೆ, ದಾರಿ ಬಿಡು. ನಾನು ಕೈಯಲ್ಲಿದ್ದ ಗಡಿಯಾರ ನೋಡಿದೆ. ಶಶಿ ಮೂರು ಸೆಕೆಂಡಿಗಿಂತ ಹೆಚ್ಚು ಹಿಂದಿದ್ದ. ಹೋದ ಸುತ್ತಿಗಿಂತ ಈ ಸುತ್ತಿನಲ್ಲಿ ಇನ್ನೂ ಹಿಂದೆ ಬಿದ್ದಿದ್ದ. ಇದನ್ನು ನಾನು ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ನನ್ನ ಹಲಗೆಯ ಕಡೆ ಬೆರಳು ಮಾಡಿ, ಅದನ್ನು ಕೆಳಗಿಡಿ ಎಂದರು.

ಇಪ್ಪತ್ತೈದು ವರ್ಷ ಸ್ಟಾಪ್‌ವಾಚ್ ಹಿಡಿದವಳು ನಾನು. ಎಂ.ಎಲ್.ಎ. ಮೊಮ್ಮಗ ನೂರು ಮೀಟರಿನಲ್ಲಿ ಮೂರನೆಯವನಾದಾಗ ಮೂರನೆಯವನೆಂದೇ ಬರೆದವಳು. ಆದರೂ ಅವತ್ತು ಹಲಗೆ ಎತ್ತುವ ಮುಂಚೆ ಒಂದು ಮಾತು ಕೇಳಬೇಕೆನಿಸಿತು. ಹಗ್ಗದ ಆಚೆ ನಿಂತಿದ್ದ ಇವರ ಕಡೆ ತಿರುಗಿ, ಹೀಗೆ ಹೇಳ್ತಿದಾರೆ, ಏನು ಮಾಡಲಿ ಎಂದು ಕೂಗಿ ಕೇಳಿದೆ.

ಇವರು ಎರಡು ಹೆಜ್ಜೆ ಮುಂದೆ ಬಂದು ಹಗ್ಗಕ್ಕೆ ಎದೆ ಕೊಟ್ಟು ನಿಂತರು. "ಗಡಿಯಾರ ಏನ್ ಹೇಳ್ತದೋ ಅದನ್ನೇ ತೋರ್ಸು ಪಂಕಜ. ಉಳಿದದ್ದು ಆ ಹುಡುಗಿ ನೋಡ್ಕೊಳ್ತಾಳೆ."

ಮೂರು, ಚುಕ್ಕೆ, ನಾಲ್ಕು ಎಂದು ಅಂಕಿ ಸಿಕ್ಕಿಸಿ ಹಲಗೆಯನ್ನು ಗೋಡೆಯಾಚೆ ಚಾಚಿದೆ. ಅಶ್ವಿನಿ ನೋಡಿದಳು. ರೇಡಿಯೋದಲ್ಲಿ ಪ್ರಿನ್ಸಿಪಾಲರು ಅದೇ ಮಾತನ್ನು ಮೂರು ಸಲ ಹೇಳಿದರು. ಅವಳಿಂದ ಒಂದೇ ಸಲ ಉತ್ತರ ಬಂತು, ಕನ್ನಡದಲ್ಲಿ: "ಬೇಗ ಬತ್ತಿದ್ರೆ ಅವ್ನೇ ದಾಟ್ಕೊಂಡು ಹೋಗ್ಲಿ ಸಾರ್, ದಾರಿ ಅಗಲ ಐತೆ." ಶಶಿ ದಾಟಲಿಲ್ಲ. ಅವಳು ಮೂರನೆಯ ಸಲ ಚಾಂಪಿಯನ್ ಆದಳು. ಕಾರಿನಿಂದಿಳಿದ ಶಶಿ ನೇರವಾಗಿ ಅವಳ ಹತ್ತಿರ ಬಂದು ಕೈ ಕುಲುಕಿ, ರೇಡಿಯೋದ ವಿಷಯ ತನಗೆ ಗೊತ್ತಿರಲಿಲ್ಲ ಎಂದ. ಅವನ ಮುಖ ನೋಡಿ ನಾನು ನಂಬಿದೆ.

ನಲವತ್ತೊಂದನೆಯ ದಿನಕ್ಕೆ ಕಂಪನಿ ತಂಡವನ್ನು ಮುಚ್ಚಿತು. ವಿದ್ಯುತ್ ವಾಹನಗಳ ಭವಿಷ್ಯದ ಕಡೆಗೆ ಗಮನ ಹರಿಸಬೇಕಾಗಿರುವುದರಿಂದ ಎಂದು ಪತ್ರಿಕಾ ಹೇಳಿಕೆ ಬಂತು. ಭವಿಷ್ಯಕ್ಕೆ ಅಷ್ಟು ಅವಸರವಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಅಶ್ವಿನಿ ತರೀಕೆರೆಯಲ್ಲಿ ಡ್ರೈವಿಂಗ್ ಸ್ಕೂಲು ತೆರೆದಳು. ಇವರು ಗ್ಯಾರೇಜಿನಲ್ಲಿ ಹಿಂದಿನಂತೆಯೇ ಕೆಲಸ ಮಾಡುತ್ತಿದ್ದರು, ಆದರೆ ರೇಸಿನ ಮಾತೆತ್ತಿದರೆ ಪಾನಾ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದರು. ಎರಡು ವರ್ಷ ಹೀಗೇ ಕಳೆಯಿತು. ನನಗೆ ಅದು ಸಹಿಸಲು ಕಷ್ಟವಾಗಿತ್ತು. ಮುಂಚೆ ಊಟದ ಹೊತ್ತಿಗೆ ಎಂಜಿನ್ನಿನ ಪುರಾಣ ಕೇಳಿ ಕೇಳಿ ಸಾಕಾಯಿತು ಎನ್ನುತ್ತಿದ್ದವಳು ನಾನೇ.

ಕಳೆದ ವರ್ಷ ಶ್ರಾವಣದಲ್ಲಿ ಅಭಿಲಾಷ್ ಮತ್ತೆ ಬಂದರು. ಕೂದಲು ತೆಳ್ಳಗಾಗಿತ್ತು, ಕನ್ನಡ ಸುಧಾರಿಸಿತ್ತು. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕದ ಕರಡು. ತಂಡದ ಅಧಿಕೃತ ಇತಿಹಾಸ. ನಾನು ಕಾಫಿ ಕೊಟ್ಟು ಪುಟ ತಿರುಗಿಸಿದೆ. ತಂಡವು ಎರಡು ಸಾವಿರದ ಹದಿನೆಂಟರಲ್ಲಿ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ಕನಸು ಕಂಡ ಕೆಲವು ಎಂಜಿನಿಯರುಗಳ ಕೈಯಲ್ಲಿ ಹುಟ್ಟಿತಂತೆ. ಈರುಳ್ಳಿ ವ್ಯಾಪಾರಿ ಇಲ್ಲ, ಹುಣಸೆ ಮರ ಇಲ್ಲ, ದೇವನೂರಿನ ಕೆರೆ ಇಲ್ಲ. ಒಟ್ಟು ಗೆಲುವು ಇಪ್ಪತ್ತಮೂರು.

ತೊಂದರೆ ಆ ಅಂಕಿಯಲ್ಲೇ ಇತ್ತು. ಹೊಸದಾಗಿ ಬಂದ ದೊಡ್ಡ ಸಾಹೇಬರಿಗೆ ಇಪ್ಪತ್ತಮೂರು ಎಂಬುದು ಮುಖಪುಟಕ್ಕೆ ಚೆನ್ನಾಗಿ ಕಾಣಲಿಲ್ಲ. ಇಪ್ಪತ್ತೈದಾಗಿದ್ದರೆ ಬೆಳ್ಳಿಯ ಅಕ್ಷರದಲ್ಲಿ ಹಾಕಬಹುದಿತ್ತು. ಆಗ ಯಾರೋ ದಾಖಲೆ ಕೆದಕಿ, ಅದಕ್ಕೂ ಮುಂಚೆ ಚಕೋರ ಕಾರು ಎರಡು ರೇಸು ಗೆದ್ದದ್ದನ್ನು ಪತ್ತೆ ಹಚ್ಚಿದ್ದಾರೆ. ಕಡೂರಿದೆ ಎಂಬುದು ಕಂಪನಿಗೆ ಹೀಗೆ ನೆನಪಾಯಿತು. ಆದರೆ ದಾಖಲೆಯಲ್ಲಿ ತಂಡದ ಮಾಲೀಕರ ಹೆಸರು ಓಂಕಾರಮೂರ್ತಿ ಎಂದಿದೆ. ಆ ಎರಡು ಗೆಲುವುಗಳು ಕಂಪನಿಯ ಮಾರ್ಗದರ್ಶನದಲ್ಲಿ ಬಂದವು ಎಂದು ಇವರು ಒಂದು ಕಾಗದಕ್ಕೆ ಸಹಿ ಹಾಕಬೇಕು, ನಾನು ಸಮಯ ಬರೆದಿಟ್ಟ ನೋಟುಪುಸ್ತಕ ಕೊಡಬೇಕು. ಅಭಿಲಾಷ್ ಇದನ್ನೆಲ್ಲ ನೆಲ ನೋಡುತ್ತ ಹೇಳಿದರು.

ಇವರು ಮೆಲ್ಲಗೆ, ಈ ಪುಸ್ತಕದಲ್ಲಿ ನಾನು ಎಲ್ಲಾದರೂ ಇದ್ದೇನೆಯೇ ಎಂದು ಕೇಳಿದರು. ಅಭಿಲಾಷ್ ಮೂವತ್ತೊಂದನೆಯ ಪುಟ ತೆಗೆದರು. ಎಂಜಿನ್ನಿನ ಮೇಲೆ ಬಾಗಿರುವ ಒಬ್ಬರ ಬೆನ್ನಿನ ಫೋಟೋ. ಕೆಳಗೆ, ಸ್ಥಳೀಯ ಅಭಿಮಾನಿಯೊಬ್ಬರು ಕಾರನ್ನು ವೀಕ್ಷಿಸುತ್ತಿರುವುದು ಎಂದು ಬರೆದಿತ್ತು. ಇವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಬೆನ್ನು ನಂದೇ" ಎಂದರು.

ನನ್ನ ಕಣ್ಣು ತುಂಬಿತು. ಅಭಿಲಾಷ್‌ಗೆ ಇನ್ನೊಂದು ಲೋಟ ಕಾಫಿ ಬೇಕೇ ಎಂದು ಕೇಳಿ ಒಳಗೆ ಹೋದೆ. ವಾಪಸು ಬರುವಷ್ಟರಲ್ಲಿ ಇವರು ಕಾಗದವನ್ನು ಮಡಚಿ ಅವರ ಕೈಗೇ ಕೊಟ್ಟಿದ್ದರು. ಗೆದ್ದದ್ದು ಅಶ್ವಿನಿ, ಸಹಿ ಬೇಕಾದರೆ ಅವಳನ್ನು ಕೇಳಿ, ಅವಳು ಹೂಂ ಎಂದರೆ ನಾನೂ ಹಾಕುತ್ತೇನೆ ಎಂದರು. ಮೂವರೂ ತರೀಕೆರೆಗೆ ಹೋದೆವು. ಅಶ್ವಿನಿ ಆಗ ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ರಿವರ್ಸ್ ಹೇಳಿಕೊಡುತ್ತಿದ್ದಳು. ಅವರನ್ನು ಕಂಬಕ್ಕೆ ತಾಗದಂತೆ ನಿಲ್ಲಿಸಿ, ಇಳಿದು ಬಂದು, ಬಾನೆಟ್ಟಿನ ಮೇಲೆ ಕರಡು ಇಟ್ಟುಕೊಂಡು ಓದಿದಳು. ಮೂವತ್ತೊಂದನೆಯ ಪುಟದಲ್ಲಿ ನಿಂತಳು. ಆಮೇಲೆ ಕೊನೆಗೆ ಹೋಗಿ ಇಪ್ಪತ್ತಮೂರನೆಯ ಗೆಲುವಿನ ಪುಟ ತೆಗೆದಳು. ಅಲ್ಲಿ ಅವಳ ಚೆನ್ನೈ ರೇಸನ್ನು ತಂಡದ ಒಗ್ಗಟ್ಟಿನ ಅಪೂರ್ವ ನಿದರ್ಶನ ಎಂದು ಬಣ್ಣಿಸಿದ್ದರು.

"ಎರಡೂ ಗೆಲುವು ತಗೊಳ್ಳಿ, ನನ್ನ ಅಡ್ಡಿ ಏನಿಲ್ಲ" ಎಂದಳು ಅಶ್ವಿನಿ. "ಅಣ್ಣನ ಫೋಟೋ ಕೆಳಗೆ ಅವರ ಹೆಸ್ರು ಹಾಕಿ. ಈ ಕೊನೇ ರೇಸಲ್ಲಿ ನಿಮ್ಮ ಪ್ರಿನ್ಸಿಪಾಲರು ರೇಡಿಯೋದಲ್ಲಿ ಏನಂದ್ರು, ನಾನೇನಂದೆ, ಅಕ್ಕ ಹಲಗೇಲಿ ಏನ್ ತೋರ್ಸಿದ್ರು, ಅಷ್ಟನ್ನೂ ಇದ್ದದ್ದಿದ್ದಂಗೆ ಹಾಕಿ. ಆಗ ಸಹಿ ಮಾಡ್ತೀನಿ."

ಅಭಿಲಾಷ್ ಬೆಂಗಳೂರಿಗೆ ಫೋನು ಮಾಡಿದರು. ಬೆಂಗಳೂರು ಇನ್ನೆಲ್ಲಿಗೋ ಮಾಡಿತು. ಅಷ್ಟರಲ್ಲಿ ಬ್ಯಾಂಕ್ ಮ್ಯಾನೇಜರು ರಿವರ್ಸ್ ಕಲಿತು ಮುಗಿಸಿದರು. ಹೆಸರು ಹಾಕಬಹುದು, ರೇಡಿಯೋ ವಿಷಯ ಮಾತ್ರ ಕಾನೂನು ವಿಭಾಗ ಒಪ್ಪುವುದಿಲ್ಲ ಎಂದು ಉತ್ತರ ಬಂತು. ಅಶ್ವಿನಿ ಕರಡನ್ನು ಮುಚ್ಚಿ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟಳು. ಬೆನ್ನಿಗೆ ಹೆಸರು ಬರುವ ಅವಕಾಶವೂ ಅದರ ಜೊತೆ ಹೋಯಿತು. ಇವರು ಅದಕ್ಕೆ ಮುಖ ಗಂಟಿಕ್ಕಲಿಲ್ಲ. ಹೊರಡುವಾಗ ಅಭಿಲಾಷ್ ಇವರನ್ನು ಬದಿಗೆ ಕರೆದು, ಆ ಫೋಟೋಗೆ ಆ ಸಾಲು ಬರೆದವನು ನಾನೇ ಸಾರ್ ಎಂದರು. "ಗೊತ್ತಾಯ್ತು ಬಿಡಪ್ಪ, ನಿನಗೂ ಮೇಲಿನೋರು ಇರ್ತಾರೆ" ಎಂದರು ಇವರು. ಕ್ಷಮಿಸಿದೆ ಎನ್ನಲಿಲ್ಲ, ಅದನ್ನು ನಾನು ಗಮನಿಸಿದೆ.

ಪುಸ್ತಕ ದೀಪಾವಳಿಗೆ ಹೊರಬಂತು. ಮುಖಪುಟದಲ್ಲಿ ಬೆಳ್ಳಿಯ ಅಕ್ಷರದಲ್ಲೇ ಹಾಕಿದ್ದಾರೆ: ಇಪ್ಪತ್ತೈದು ಗೆಲುವುಗಳ ಹೊಸ್ತಿಲಲ್ಲಿ. ಮುಚ್ಚಿಹೋದ ತಂಡವೊಂದು ಹೊಸ್ತಿಲಲ್ಲಿ ಎಷ್ಟು ವರ್ಷ ನಿಲ್ಲುತ್ತದೋ ಕಂಪನಿಯೇ ಹೇಳಬೇಕು.

ತರೀಕೆರೆಯಿಂದ ವಾಪಸು ಬಂದ ಸಂಜೆ ಇವರು ಊಟಕ್ಕೆ ಕೂತು, ಚನ್ನಗಿರಿಯಲ್ಲಿ ಒಂದು ಹಳೆಯ ಕಾರಿದೆ, ಎಂಜಿನ್ ಗಟ್ಟಿ ಇದೆ, ಬೇರೆ ಕಂಪನಿಯದು ಎಂದರು. ನಾನು ಮಜ್ಜಿಗೆ ಬಡಿಸಲಿಲ್ಲ, ಎದುರು ಕೂತು ಪೂರ್ತಿ ಕೇಳಿದೆ. ಸಣ್ಣಬೀರಪ್ಪ ಪಂಜರ ಕಟ್ಟಿದ, ಈ ಸಲ ತೂಕ ನೋಡಿಕೊಂಡು. ಈ ವರ್ಷ ಕೊಯಮತ್ತೂರಿನಲ್ಲಿ ಹಳೆಯ ಕಾರುಗಳ ವರ್ಗದಲ್ಲಿ ಹದಿನಾಲ್ಕು ಕಾರು ಇಳಿದವು. ಅಶ್ವಿನಿ ಏಳನೆಯವಳಾಗಿ ಬಂದಳು. ಏಳನೆಯವರಿಗೆ ಕಪ್ಪು ಇಲ್ಲ, ಕೈ ಕುಲುಕುವವರೂ ಇಲ್ಲ. ಒಬ್ಬ ಪತ್ರಕರ್ತ ಮಾತ್ರ ದಾರಿ ತಪ್ಪಿ ನಮ್ಮ ಹತ್ತಿರ ಬಂದು, ನಿಮ್ಮ ಹಿಂದೆ ಯಾವ ಕಂಪನಿ ಇದೆ ಸಾರ್ ಎಂದು ಕೇಳಿದ.

"ಹಿಂದೆ ಏಳು ಕಾರು ಅವೆ" ಎಂದರು ಇವರು, ಕೈ ಒರೆಸಿಕೊಳ್ಳುತ್ತ. "ಎಲ್ಲಾ ಬೇರೆ ಬೇರೆ ಕಂಪನಿವು."

ಪತ್ರಕರ್ತ ಅದನ್ನು ಬರೆದುಕೊಂಡ. ಇವರು ಬಗ್ಗಿ ಎಂಜಿನ್ ಮೇಲೆ ಕೈಯಿಟ್ಟು, ಇನ್ನೂ ಕಾವಿದೆ, ಆರಿದ ಮೇಲೆ ಆಯಿಲ್ ಬದಲಾಯಿಸೋಣ ಎಂದು ಅಶ್ವಿನಿಗೆ ಹೇಳಿದರು.